ಒಣ ಕೊಕ್ಕಿನ ಮರಿಗಳು

“ಬಿಸ್ಕತ್ತಾ? ನಾನಾ? ನೋಡಿ ಮೇಡಮ್ಮೋರೆ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮರಿಗೂ ಬಿಸ್ಕತ್ತು ತಿನ್ನಿಸಿದ ಕೈಯಲ್ಲ ಇದು.”

“ಬಿಸ್ಕತ್ತಲ್ಲದಿದ್ರೆ ಇನ್ನೇನು ತಿನ್ನಿಸಿದ್ರಿ ಭಾವ? ಅದನ್ನಾದ್ರೂ ಹೇಳಿ.”

“ಏನೂ ಇಲ್ಲ.”

“ಅವುಗಳ ಕರುಳು ಬೇರೆ ಹೇಳ್ತಾ ಇದೆ.”

“ಓಹೋ. ಭಾವನ ಮಾತಿಗಿಂತ ಕೋಳಿಮರಿ ಕರುಳಿನ ಮಾತು ದೊಡ್ಡದಾಯ್ತು ನಿಮಗೆ. ಹಾಗಾದ್ರೆ ಅದನ್ನೇ ಕೇಳಿ, ಏನು ತಿಂದೆ ಅಂತ. ನನ್ನನ್ಯಾಕೆ ಕೇಳ್ತೀರಿ?”

“ಕೇಳಿದೆ. ಏನೋ ಸಿಹಿ ತಿಂದೆ ಅಂತು.”

ತೂಕದ ಕೋಣೆಯ ಗೋಡೆಯಾಚೆ ಕಾವುಪೆಟ್ಟಿಗೆಗಳ ಫ್ಯಾನು ಗೊರಗೊರ ಅನ್ನುತ್ತಿತ್ತು. ಅದನ್ನೂ ಮೀರಿ ಅವನ ದನಿ ಹೊರಗಿನವರೆಗೂ ಕೇಳಿ, ಮೊಟ್ಟೆ ತೊಳೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕಿವಿ ಕೊಟ್ಟರು. ಅವರಿಗೆ ಇದು ಹೊಸದಲ್ಲ. ಆದರೆ ಬೆಳಗ್ಗೆ ಎಂಟಕ್ಕೇ ಶುರುವಾದದ್ದು ಹೊಸದು.

ಇಡೀ ಕೋಳಿ ಸಂಶೋಧನಾ ಕೇಂದ್ರ ಅವನನ್ನು ಕಾವಣ್ಣ ಎಂದೇ ಕರೆಯುತ್ತಿತ್ತು. ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಗಳೂ, ಒಡೆದು ಬಂದ ಮರಿಗಳನ್ನು ಇಡುವ ಮರಿಕೋಣೆಯೂ ಅವನ ವಶದಲ್ಲಿದ್ದವು ಎಂಬುದು ಒಂದು ಕಾರಣ. ಅವನ ತಲೆ ಯಾವ ಹೊತ್ತಿಗಾದರೂ ಕಾಯುತ್ತಿತ್ತು ಎಂಬುದು ಇನ್ನೊಂದು. ಎದುರಿಗೆ ನಿಂತಿದ್ದ ವಿಜ್ಞಾನಿ ಅವನ ಹೆಂಡತಿಯ ಕೊನೆಯ ತಂಗಿ. ಅವಳು ಏಳು ವರ್ಷದವಳಿದ್ದಾಗ ಅವನೇ ಒಂದು ಮೊಟ್ಟೆಯನ್ನು ದೀಪದ ಮುಂದೆ ಹಿಡಿದು, ಒಳಗೆ ಕೆಂಪು ದಾರಗಳ ನಡುವೆ ಬಡಿದುಕೊಳ್ಳುತ್ತಿದ್ದ ಚುಕ್ಕಿಯನ್ನು ತೋರಿಸಿದ್ದ. ಅಂದು ಹಿಡಿದ ಹುಚ್ಚು ಬಿಡದೆ ಓದಿ ಓದಿ, ಕೊನೆಗೆ ಅದೇ ಕೇಂದ್ರಕ್ಕೆ ಅವನ ಮೇಲಿನವಳಾಗಿ ಬಂದು ಕೂತಿದ್ದಳು. ಮನಸ್ಸು ತಣ್ಣಗಿದ್ದಾಗ ಅವನು ಅವಳನ್ನು ಪುಟ್ಟಿ ಅನ್ನುತ್ತಿದ್ದ. ಕಾದಾಗ ಮೇಡಮ್ಮೋರೆ. ಅವನ ತಲೆಯ ಶಾಖ ನೋಡಲು ಬೇರೆ ಥರ್ಮಾಮೀಟರು ಬೇಕಿರಲಿಲ್ಲ.

ಜಗಳದ ಮೂಲ ಇಷ್ಟು. ಒಂದೇ ದಿನ ಹುಟ್ಟಿದ ಎಂಬತ್ತು ಮರಿಗಳಲ್ಲಿ ನಲವತ್ತರ ತಲೆಗೆ ಕೆಂಪು ಬಣ್ಣ, ನಲವತ್ತಕ್ಕೆ ನೀಲಿ. ಕೆಂಪಿನವಕ್ಕೆ ಹುಟ್ಟಿದ ಗಂಟೆಯೊಳಗೆ ಮೇವು. ನೀಲಿಯವಕ್ಕೆ ಎರಡು ದಿನ ಬರೀ ನೀರು. ದಿನಕ್ಕೆ ಮೂರು ಸಲ ಒಂದೊಂದನ್ನೂ ಎತ್ತಿ ತೂಗಬೇಕು. ಮೂರನೆಯ ದಿನ ಎರಡೂ ಕಡೆಯಿಂದ ಹತ್ತು ಹತ್ತು ಮರಿ ಪುಟ್ಟಿಯ ಪ್ರಯೋಗಾಲಯಕ್ಕೆ ಹೋಗುತ್ತಿದ್ದವು. ಹೋದವು ತಿರುಗಿ ಬರುತ್ತಿರಲಿಲ್ಲ. ಆ ಒಂದು ಗಂಟೆ ಕಾವಣ್ಣನಿಗೆ ಬಾಯ್ಲರಿನ ಹತ್ತಿರ ತುಂಬ ಕೆಲಸ ಇರುತ್ತಿತ್ತು.

ಹುಟ್ಟಿದ ಮರಿಯ ಕರುಳು ಇನ್ನೂ ಕಟ್ಟಿ ಮುಗಿಯದ ಮನೆ ಎನ್ನುತ್ತಿದ್ದಳು ಪುಟ್ಟಿ. ಮೊದಲ ಕಾಳು ಒಳಗೆ ಬಿದ್ದಮೇಲೆಯೇ ಕೆಲಸ ಜೋರಾಗುತ್ತದೆ. ಒಳಗೋಡೆಯ ಮೇಲೆ ಹೊಸ ಟವೆಲಿನ ಜುಂಗಿನ ಹಾಗೆ ಸಣ್ಣ ಸಣ್ಣ ಬೆರಳುಗಳು ಎದ್ದು ಉದ್ದವಾಗುತ್ತವೆ. ಸಕ್ಕರೆಯನ್ನು ಒಡೆಯುವ ರಸ ಮಾಡು ಎಂದು ಅಪ್ಪಣೆ ಕೊಡುವ ಒಂದು ಜೀನ್ ಎಚ್ಚರವಾಗುತ್ತದೆ. ಒಮ್ಮೆ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಆ ಜುಂಗನ್ನು ತೋರಿಸಿದ್ದಳು. ಅವನು ಬಹಳ ಹೊತ್ತು ನೋಡಿ, ದಪ್ಪ ದಪ್ಪ ಕಪ್ಪಗಿದೆ ಎಂದು ಮೆಚ್ಚಿಕೊಂಡ. ಅವನು ನೋಡಿದ್ದು ತನ್ನದೇ ರೆಪ್ಪೆಗೂದಲು.

ಆದರೆ ಜೀನಿನ ವಿಷಯ ಅವನಿಗೆ ಸರಿಯಾಗಿಯೇ ಹೊಕ್ಕಿತ್ತು. ಮೈಯ ಒಂದೊಂದು ಕಣದಲ್ಲೂ ಅದೇ ಒಂದು ದಪ್ಪ ಪುಸ್ತಕ ಇರುತ್ತದೆ, ಯಾವ ಕಣ ಯಾವ ಪುಟ ತೆಗೆಯಬೇಕು, ಯಾವಾಗ ತೆಗೆಯಬೇಕು ಅನ್ನುವುದೇ ಎಲ್ಲ ಎಂದು ಅವಳು ವಿವರಿಸಿದಾಗ ಅವನು ತಲೆಯಾಡಿಸಿ, “ಗೊತ್ತಾಯ್ತು ಬಿಡು. ನಿಮ್ಮ ಅಪ್ಪನ ಮನೆ ಹಾಗೆ. ಎಂಟು ಜನ ಇದ್ರಿ, ಎಂಟು ಜನಕ್ಕೂ ನೀರು ತುಂಬೋದು ಗೊತ್ತಿತ್ತು. ಹೆಸರು ಹಿಡಿದು ಕೂಗೋ ತನಕ ಒಬ್ಬರೂ ಎದ್ದಿದ್ದು ನಾನು ಕಾಣೆ,” ಅಂದಿದ್ದ. ತವರಿನ ಮಾತು ಬಂದದ್ದು ಅವಳಿಗೆ ಚುಚ್ಚಿದರೂ, ಇದಕ್ಕಿಂತ ಚೆನ್ನಾಗಿ ತಾನೂ ಹೇಳಲಾರೆ ಎಂದು ಒಪ್ಪಿಕೊಂಡಿದ್ದಳು. ಮೇವು ಬಂದು ಕೂಗಬೇಕು, ಜೀನ್ ಏಳಬೇಕು. ನೀಲಿ ತಲೆಯವಕ್ಕೆ ಕೂಗುವವರೇ ಇಲ್ಲ, ಆದ್ದರಿಂದ ಅಲ್ಲಿ ಅದು ಕಾಲು ಚಾಚಿ ಮಲಗಿರಬೇಕು. ಅದರ ಬದಲು ಎರಡು ಸಲದ ಪ್ರಯೋಗದಲ್ಲೂ ಎದ್ದು ಕೂತಿತ್ತು.

“ಹಸಿದ ಮರೀನ ನೋಡ್ತಾ ಕೂರೋದಕ್ಕೆ ಇಷ್ಟು ಓದ್ಬೇಕಿತ್ತಾ ಅಂತ ನಾನು ಮೊದಲ ದಿನವೇ ಕೇಳಿದ್ದೆ,” ಅಂದ ಕಾವಣ್ಣ. “ಬೈದೆ, ಒಪ್ಪಿಕೊಳ್ತೀನಿ. ಆದ್ರೆ ಕದ್ದು ತಿನ್ನಿಸಿಲ್ಲ.”

ಅವಳೂ ಸುಮ್ಮನಿರಲಿಲ್ಲ. ಹೊರಗಿನ ಲೋಕದಲ್ಲಿ ಲಕ್ಷಾಂತರ ಮರಿಗಳು ಹುಟ್ಟಿದೊಡನೆ ಪೆಟ್ಟಿಗೆ ಸೇರಿ ಎರಡೆರಡು ದಿನ ಹಸಿದು ಲಾರಿಯಲ್ಲಿ ಹೋಗುತ್ತವೆ, ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಯೇ ಅವಕ್ಕೆ ಬುತ್ತಿ ಎಂದು ಮರಿ ಸಾಗಿಸುವ ಪೆಟ್ಟಿಗೆ ಕಂಪನಿಯವರು ಹೇಳಿಕೊಂಡು ತಿರುಗುತ್ತಾರೆ. ಆ ಬುತ್ತಿ ಸಾಲದು, ಕರುಳು ಮಲಗಿಬಿಡುತ್ತದೆ ಎಂದು ತೋರಿಸಲಿಕ್ಕೇ ತಾನು ಹೆಣಗುತ್ತಿರುವುದು. “ಈ ನಲವತ್ತು ಎರಡು ದಿನ ಹಸಿದ್ರೆ ಆ ಲಕ್ಷಕ್ಕೆ ಮೇವು ಸಿಗುತ್ತೆ ಭಾವ. ನಿಮ್ಮ ಕರುಣೆ ನಲವತ್ತಕ್ಕೇ ಮುಗಿದುಹೋಗುತ್ತಾ?”

ಈ ಮಾತಿಗೆ ಅವನ ದನಿ ಇನ್ನೂ ಏರಿತು. ಅಷ್ಟರಲ್ಲಿ ಅವಳು ಕೊನೆಯದನ್ನೂ ಹೇಳಿದಳು. ಮೂರನೆಯ ಸಲವೂ ಹೀಗೇ ಆದರೆ ಮರಿಕೋಣೆಯ ಕೀಲಿ ಅವನ ಕೈಯಿಂದ ಉಗ್ರಾಣದವನ ಕೈಗೆ ಹೋಗುತ್ತದೆ, ದೊಡ್ಡ ಸಾಹೇಬರು ಹೇಳಿಕಳಿಸಿದ್ದಾರೆ.

ಕಾವಣ್ಣನ ಕೈ ಸೊಂಟಕ್ಕೆ ಹೋಯಿತು. ಇಪ್ಪತ್ತೆರಡು ವರ್ಷದಿಂದ ಕೀಲಿ ಅಲ್ಲೇ, ಒಂದು ಕಪ್ಪು ದಾರದಲ್ಲಿ. ಮದುವೆಯ ಉಂಗುರ ಎರಡು ಸಲ ಕಳೆದಿತ್ತು, ಕೀಲಿ ಒಂದು ಸಲವೂ ಇಲ್ಲ. ಉಗ್ರಾಣದವನಂತೂ ಮರಿಯನ್ನು ಕಾಲು ಹಿಡಿದು ಎತ್ತುವ ಜಾತಿಯ ಮನುಷ್ಯ.

“ಸರಿ,” ಅಂದ. “ಬುಧವಾರ ಹೊಸ ಮರಿ ಒಡೀತವೆ. ನೀಲಿ ತಲೆಗೆ ಮೇವಿಲ್ಲದ ಆ ಎರಡು ದಿನ ನನಗೂ ಊಟ ಇಲ್ಲ. ಅವಕ್ಕೆ ಏನೋ ನನಗೂ ಅದೇ, ಬರೀ ನೀರು. ನೀವು ಎದುರಿಗೇ ಕೂತ್ಕೊಳ್ಳಿ. ನನ್ನ ಜೇಬು ನೋಡಿ, ಬಾಗಿಲಿಗೆ ನಿಮ್ಮದೊಂದು ಬೀಗ ಹಾಕಿ. ಆಮೇಲೂ ಕರುಳು ಅದೇ ಮಾತು ಹೇಳಿದ್ರೆ ಆಗ ನೋಡೋಣ, ಸುಳ್ಳ ಯಾರು ಅಂತ.”

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಕೇಳಿಸಿಕೊಂಡಳು. ಅವಳು ಬೀದಿಯ ಅರ್ಧ ಮನೆಗಳಿಗೆ ಬಟ್ಟೆ ಹೊಲಿದುಕೊಡುವವಳು. ಹಗಲೆಲ್ಲ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಇರುತ್ತಿದ್ದುದರಿಂದ ಅವಳ ಮಾತು ಚಿಕ್ಕದಾಗಿ, ಬಾಯಿಯ ಒಂದು ಮೂಲೆಯಿಂದ ಬರುತ್ತಿತ್ತು. ತಂಗಿಯ ಪಕ್ಷವೋ ಗಂಡನ ಪಕ್ಷವೋ ಎಂದು ಅವನು ಕೇಳಿದ್ದಕ್ಕೆ, ತನ್ನದು ಬಟ್ಟೆಯ ಪಕ್ಷ, ಸಂಜೆಯೊಳಗೆ ಎರಡು ಅಂಗಿ ಮುಗಿಸಬೇಕು ಅಂದಳು. ಆಮೇಲೆ ಅವನ ಷರಾಯಿಯ ಜೇಬನ್ನು ಹೊರಗೆಳೆದು ನೋಡಿದಳು. ಎರಡು ಜೋಳದ ಕಾಳು ಉದುರಿದವು.

“ಇದು?”

“ದೊಡ್ಡ ಕೋಳಿಗಳದ್ದು. ಹೇಗೋ ಸೇರಿಕೊಂಡಿದೆ.”

“ಕಳೆದ ವರ್ಷ ಪಕ್ಕದ ಮನೆ ಬೆಕ್ಕು ಆ ಪಾಟಿ ದಪ್ಪಗಾದಾಗಲೂ ನೀವು ಇದೇ ಮುಖ ಮಾಡಿದ್ರಿ,” ಅಂದಳು ಅವಳು, ಸೂಜಿ ಬೀಳದ ಹಾಗೆ. ಉಪವಾಸದ ಮಾತಿಗೆ ಮಾತ್ರ ಹ್ಞೂಂ ಎಂದೂ ಅನ್ನಲಿಲ್ಲ, ಉಹುಂ ಎಂದೂ ಅನ್ನಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಮದುವೆಯಾದಾಗಿನಿಂದ ಅವನು ಮಾಡುತ್ತ ಬಂದ ತಪ್ಪು ಅದು.

ಬುಧವಾರ ಮರಿ ಒಡೆದವು. ಪುಟ್ಟಿ ಮೇವಿನ ಚೀಲಗಳನ್ನೆಲ್ಲ ಎತ್ತಿಸಿ, ಕೆಂಪಿನವುಗಳ ಪಾಲನ್ನು ಮಾತ್ರ ಒಂದು ಡಬ್ಬಿಯಲ್ಲಿಟ್ಟು, ಅದಕ್ಕೂ ಬಾಗಿಲಿಗೂ ತನ್ನ ಬೀಗ ಜಡಿದಳು. ಭಾವನ ಜೇಬು ಹುಡುಕಿ ಒಂದು ಗುಂಡಿ, ಒಂದು ತುಂಡು ದಾರ, ಎಲ್ಲಿಂದಲೋ ಬಂದ ಇನ್ನೊಂದು ಜೋಳದ ಕಾಳು ತೆಗೆದು, ಲಕೋಟೆಯೊಳಗೆ ಹಾಕಿ ದಿನಾಂಕ ಬರೆದಳು. ಅವನು ಎರಡೂ ಕೈ ಎತ್ತಿ, ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡು ನಿಂತಿದ್ದ. ನಾದಿನಿಯಿಂದ ಹೀಗೆ ಜೇಬು ಹುಡುಕಿಸಿಕೊಂಡ ಭಾವ ಜಗತ್ತಿನಲ್ಲಿ ತಾನೊಬ್ಬನೇ ಇರಬೇಕೆಂದು ಹೆಂಗಸರಿಗೆಲ್ಲ ಕೇಳುವ ಹಾಗೆ ಗೊಣಗಿದ.

ಆಮೇಲೆ ತೂಕ. ಮೇಜಿನ ಎಡಕ್ಕೆ ತಕ್ಕಡಿ, ಬಲಕ್ಕೆ ಅವನ ಹಳೆಯ ಸ್ಟೀಲ್ ಬಟ್ಟಲು, ಹಿಂದೆ ಅವನ ಫ್ಲಾಸ್ಕು, ಅದರಾಚೆ ಮರಿಗಳ ಪೆಟ್ಟಿಗೆ. ಎದುರಿನ ಸ್ಟೂಲಿನ ಮೇಲೆ ಪುಟ್ಟಿ, ತೊಡೆಯ ಮೇಲೆ ಪುಸ್ತಕ. ಅವನು ಮರಿ ಎತ್ತುವನು, ತಕ್ಕಡಿಯಲ್ಲಿಡುವನು, ಅಂಕಿ ಕೂಗುವನು. ಅವಳು ತಲೆ ತಗ್ಗಿಸಿ ಬರೆಯುವಳು. ಅವಳು ತಲೆ ಎತ್ತುವ ಹೊತ್ತಿಗೆ ಮರಿ ಪೆಟ್ಟಿಗೆಯಲ್ಲಿ, ಇನ್ನೊಂದು ಮರಿ ಅವನ ಕೈಯಲ್ಲಿ. ಎಂಬತ್ತು ಮರಿಗೆ ಅರ್ಧ ಗಂಟೆ. ಆ ಕೈ ಓಡುವುದನ್ನು ನೋಡಲು ಹೊರಗಿನಿಂದ ಬಂದವರೂ ನಿಲ್ಲುತ್ತಿದ್ದರು.

ಅವನ ಉಪವಾಸವೂ ಓಡಿತು. ಮೊದಲ ದಿನ ಸಂಜೆ ಹೊಟ್ಟೆ ಕೂಗಿಕೊಂಡಿತು. ಎರಡನೆಯ ದಿನ ಆಶ್ಚರ್ಯವೆಂಬಂತೆ ಸುಸ್ತೇ ಇಲ್ಲ. ಮನೆಯಿಂದ ಬಾಟಲಿಯಲ್ಲಿ ತಂದ ನೀರನ್ನೇ ಕುಡಿದು, ಎರಡು ದಿನ ಹಸಿದವನಿಗೆ ಬರೀ ನೀರೂ ಸಿಹಿಯಾಗುತ್ತದೆ, ಬೇಕಿದ್ದರೆ ನೀವೂ ಮಾಡಿ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳಿದ. ಪುಟ್ಟಿಗೂ ಹೇಳಿದ. ಅವಳು ಗಂಭೀರವಾಗಿ ತಲೆಯಾಡಿಸಿ, ಹಸಿವಿನಲ್ಲಿ ನಾಲಿಗೆ ಚುರುಕಾಗುತ್ತದೆ ಎಂದು ಕಾಲು ಗಂಟೆ ಕಾರಣ ವಿವರಿಸಿದಳು.

ಎರಡು ವಾರದ ಮೇಲೆ, ಇನ್ನೊಂದು ಬುಧವಾರ, ಫಲಿತಾಂಶ ಬಂತು. ನೀಲಿ ತಲೆಯವುಗಳ ಕರುಳಿನಲ್ಲಿ ಜೀನ್ ಮತ್ತೆ ಎದ್ದು ಕೂತಿತ್ತು. ಜುಂಗೂ ಕೆಂಪಿನವುಗಳಿಗಿಂತ ತೀರಾ ಕಡಿಮೆಯೇನಿರಲಿಲ್ಲ.

ಪುಟ್ಟಿ ಕಾಗದ ಹಿಡಿದುಕೊಂಡು ಮರಿಕೋಣೆಗೆ ಓಡಿಬಂದಳು. ಕಾವಣ್ಣ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಹೊಳೆಯುತ್ತಿತ್ತು.

“ಭಾವ, ತಪ್ಪಾಯ್ತು. ನೀವು ಏನೂ ಕೊಟ್ಟಿಲ್ಲ. ನಾನೇ ಎದುರಿಗೆ ಕೂತಿದ್ದೆ. ನನ್ನದೇ ಬೀಗ. ಕೂಗೋರಿಲ್ಲದೇನೇ ಜೀನ್ ಏಳುತ್ತೆ ಅಂತ ಆಯ್ತು. ಇದನ್ನ ಇದುವರೆಗೆ ಯಾರೂ ಕಂಡಿಲ್ಲ.”

“ನಾನು ಹೇಳ್ಲಿಲ್ವಾ ಪುಟ್ಟಿ,” ಅಂದ ಕಾವಣ್ಣ. ಮೇಡಮ್ಮೋರು ಒಂದೇ ಏಟಿಗೆ ಪುಟ್ಟಿಯಾದಳು.

ಅಂದು ಕೇಂದ್ರದಲ್ಲಿ ಅವನ ನಡಿಗೆಯೇ ಬೇರೆ. ದೊಡ್ಡ ಸಾಹೇಬರು ದಾರಿಯಲ್ಲಿ ನಿಲ್ಲಿಸಿ ಬೆನ್ನು ತಟ್ಟಿದರು. ಶುಕ್ರವಾರ ಪೆಟ್ಟಿಗೆ ಕಂಪನಿಯವರು ಬರುತ್ತಿದ್ದಾರೆ, ಎರಡು ದಿನದ ಹಸಿವಿನಿಂದ ಮರಿಯ ಕರುಳಿಗೆ ಏನೂ ಆಗುವುದಿಲ್ಲವೆಂದು ಕೇಂದ್ರವೇ ಬರೆದುಕೊಟ್ಟರೆ ಅವರು ಮೂರು ದಿನದ ದೂರಕ್ಕೂ ಮರಿ ಕಳಿಸಬಹುದಂತೆ ಎಂದು ಖುಷಿಯಾಗಿ ಹೇಳಿದರು. ಕಾವಣ್ಣ ಹಲ್ಲು ಬಿಟ್ಟ. ಆಮೇಲೆ ನಾಲ್ಕು ಹೆಜ್ಜೆ ನಡೆದಮೇಲೆ ಆ ಹಲ್ಲು ತಾನಾಗಿ ಒಳಗೆ ಹೋಯಿತು. ಮೂರು ದಿನ. ತಾನು ಕಂಡ ಮರಿ ಮೂರನೆಯ ದಿನಕ್ಕೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ. ಆದರೆ ವಿಜ್ಞಾನ ಹೇಳಿದಮೇಲೆ ಮುಗಿಯಿತು. ಅದೂ ಅಲ್ಲದೆ ತಾನೇ ಎರಡು ದಿನ ಹಸಿದು ನೋಡಿದ್ದ, ಏನೂ ಆಗಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಇದನ್ನೇ ಹೆಂಡತಿಗೆ ಹೇಳಿದ. ಮೂರು ದಿನದ ಮಾತು ಮನಸ್ಸಿಗೆ ಕಿರಿಕಿರಿಯಾಗಿತ್ತು, ಅದನ್ನು ಒತ್ತಲು ಇನ್ನಷ್ಟು ಜೋರಾಗಿ ಹೇಳಿದ. “ಮರಿ ಯಾಕೆ, ನನ್ನನ್ನೇ ನೋಡು. ಎರಡು ದಿನ ಬರೀ ನೀರು. ಗಟ್ಟಿಯಾಗಿ ನಿಂತಿರಲಿಲ್ವಾ?”

ಹೆಂಡತಿ ನಕ್ಕಳು. ಸೂಜಿಗಳಿಲ್ಲದ ಹೊತ್ತಾದ್ದರಿಂದ ಬಾಯ್ತುಂಬ ನಕ್ಕಳು.

“ಒಂದೊಂದು ಬಾಟಲಿಗೂ ಆರಾರು ಚಮಚ ಸಕ್ಕರೆ ಕದಡಿದ್ದೆ. ಗಟ್ಟಿಯಾಗಿ ನಿಲ್ಲದೆ ಇನ್ನೇನು?”

ಕಾವಣ್ಣನ ತಲೆ ಕಾದ ವೇಗಕ್ಕೆ ತಟ್ಟೆಯೇ ಅಲುಗಿತು. ಹೇಳಿದ ಮಾತನ್ನು ಕೆಡಿಸಿದೆಯಲ್ಲ, ನಾಲ್ಕು ಜನರ ಮುಂದೆ ಉಪವಾಸ ಎಂದು ಸಾರಿಕೊಂಡು ಬಂದೆನಲ್ಲ, ನನ್ನನ್ನು ಕಳ್ಳನನ್ನಾಗಿ ಮಾಡಿದೆಯಲ್ಲ ಎಂದು ಒಂದೇ ಉಸಿರಿಗೆ ಹಾರಾಡಿದ. ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತ, “ನಾನೇನು ಊಟ ಹಾಕಿದ್ನಾ? ನೀರೇ ತಾನೇ ಕೊಟ್ಟಿದ್ದು? ಬಾಯಿ ಒದ್ದೆ ಮಾಡೋದು ಊಟದ ಲೆಕ್ಕವಾ? ನೀವೇ ಹೇಳ್ತಿರ್ತೀರಲ್ಲ,” ಅಂದಳು.

ಕಾವಣ್ಣ ತುತ್ತನ್ನು ತಟ್ಟೆಗೇ ಬಿಟ್ಟ. ಅದು ಅವನದೇ ಮಾತು. ಮರಿಕೋಣೆಯ ಮಾತು.

ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ. ಎಳೆಮರಿ ಕೈಗೆ ಬಂತೆಂದರೆ ಕೊಕ್ಕು ಒದ್ದೆಯಾಗದೆ ಕೆಳಗಿಳಿಯಬಾರದು, ಬೆಚ್ಚಗಿನ ಸಕ್ಕರೆ ನೀರಿಗೆ ಒಮ್ಮೆ ಅದ್ದಿ ಬಿಡು, ಅದು ಊಟವಲ್ಲ, ಬಾಯಿ ಒದ್ದೆ ಮಾಡುವುದು ಅಷ್ಟೆ. ಮರೆತಾಗಲೆಲ್ಲ ಆ ಮುದುಕ ಮಣಿಕಟ್ಟಿಗೆ ಪಟ್ಟನೆ ಹೊಡೆಯುತ್ತಿದ್ದ. ಆರು ತಿಂಗಳಲ್ಲಿ ಕೈಗೆ ಪಾಠವಾಯಿತು, ತಲೆ ಅದನ್ನು ಮರೆತೇಬಿಟ್ಟಿತು. ದಿನಾ ಬೆಳಗ್ಗೆ ಫ್ಲಾಸ್ಕಿಗೆ ಒಂದು ಹಿಡಿ ಸಕ್ಕರೆ, ಬಿಸಿನೀರು. ಫ್ಲಾಸ್ಕಿನಿಂದ ಬಟ್ಟಲಿಗೆ. ಪುಟ್ಟಿ ಎರಡನ್ನೂ ದಿನಾ ನೋಡಿದ್ದಳು. ಫ್ಲಾಸ್ಕಿನಲ್ಲಿ ಭಾವನ ಚಹಾ ಇದೆ, ಬಟ್ಟಲಲ್ಲಿ ಕೈ ತೊಳೆದ ನೀರಿದೆ ಎಂದು ಅವಳ ಲೆಕ್ಕ.

ಅವನು ತನ್ನ ಬಲಗೈಯನ್ನು ತಟ್ಟೆಯಿಂದ ಎತ್ತಿ, ಯಾರದೋ ಕೈ ಎಂಬಂತೆ ನೋಡಿದ. ಎರಡು ದಿನ, ದಿನಕ್ಕೆ ಮೂರು ತೂಕ. ಒಂದೊಂದು ನೀಲಿ ಮರಿಗೂ ಆರು ಸಲ.

“ಏನಾಯ್ತು ರೀ?” ಅಂದಳು ಹೆಂಡತಿ.

“ಕರುಳು ನಿಜ ಹೇಳಿತ್ತು ಕಣೇ,” ಅಂದ.

ಮರುದಿನ ಗುರುವಾರ. ಮೂರನೆಯ ಸಲದ ಫಲಿತಾಂಶ ಏನೇ ಬರಲಿ, ಅದನ್ನು ಮತ್ತೆ ಗಟ್ಟಿಮಾಡಿಕೊಳ್ಳಲೆಂದು ಪುಟ್ಟಿ ಮೂರು ವಾರ ಮೊದಲೇ ಕಾವಿಗಿರಿಸಿದ್ದ ಹೊಸ ಮೊಟ್ಟೆಗಳು ಅಂದೇ ಒಡೆದಿದ್ದವು. ಅವನು ಸೀದಾ ಅವಳ ಪ್ರಯೋಗಾಲಯಕ್ಕೆ ಹೋಗಿ, ಬಟ್ಟಲನ್ನು ಸೂಕ್ಷ್ಮದರ್ಶಕದ ಪಕ್ಕಕ್ಕೆ ಟಣ್ಣನೆ ಇಟ್ಟು, ಎಲ್ಲವನ್ನೂ ಹೇಳಿದ. ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದಳು. ತೂಕದ ಪುಸ್ತಕ ತೆರೆದು ಪುಟಗಳನ್ನು ಒಂದೊಂದಾಗಿ ತಿರುವಿದಳು. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

“ಕೆಂಪಿನವಕ್ಕೂ ಅದ್ದಿದ್ರಾ?”

“ನನಗೆ ಕೆಂಪು ನೀಲಿ ಭೇದ ಇಲ್ಲ.”

“ನಾಳೆ ಅವರು ಬಂದ್ರೆ ಮೂರು ದಿನ ಅಂತ ಬರೆಸಿಕೊಂಡು ಹೋಗ್ತಾರೆ ಭಾವ. ನಿಮ್ಮ ಈ ಬಟ್ಟಲನ್ನ ನಂಬಿ.”

“ಅದಕ್ಕೇ ಓಡಿಬಂದೆ. ನಡಿ ಸಾಹೇಬರ ಹತ್ರ.”

ದೊಡ್ಡ ಸಾಹೇಬರು ನಂಬಲಿಲ್ಲ. ವಿಜ್ಞಾನಿಯೊಬ್ಬಳು ಎದುರಿಗೇ ಕೂತಿರುವಾಗ, ತನಗೂ ಗೊತ್ತಿಲ್ಲದೆ ಅವಳಿಗೂ ಕಾಣದೆ, ಒಬ್ಬ ಮನುಷ್ಯ ನಾನೂರು ಐನೂರು ಸಲ ಕೈ ಅದ್ದುವುದುಂಟೇ? ಕಂಪನಿಯವರು ಬರುವ ಹಿಂದಿನ ದಿನ ಇದೆಲ್ಲಿಯ ಕಿತಾಪತಿ? ಮಾಡಿ ತೋರಿಸು, ನೋಡೇಬಿಡುತ್ತೇನೆ ಎಂದು, ಕುಡಿಯುತ್ತಿದ್ದ ಚಹಾದ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ತೂಕದ ಕೋಣೆಗೆ ಬಂದರು.

ಕಾವಣ್ಣನ ಬಟ್ಟಲು ಪ್ರಯೋಗಾಲಯದಲ್ಲೇ ಉಳಿದಿತ್ತು. ಮೇಜಿನ ಬಲಗಡೆ ಖಾಲಿ. ಸಾಹೇಬರು ಬಗ್ಗಿ ತಕ್ಕಡಿ ನೋಡಲೆಂದು ಚಹಾವನ್ನು ಆ ಖಾಲಿಯಲ್ಲಿಟ್ಟರು. ಪುಟ್ಟಿ ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆದಳು.

ಮೊದಲ ಮರಿ ತಕ್ಕಡಿಗೆ ಹೋಯಿತು. ಕಾವಣ್ಣ ಹಲ್ಲು ಕಚ್ಚಿ, ಕೈಯ ಮೇಲೇ ಕಣ್ಣಿಟ್ಟು, ಅದನ್ನು ನೇರ ಪೆಟ್ಟಿಗೆಗೆ ಇಳಿಸಿದ. ಎರಡನೆಯದೂ ಹಾಗೇ. ಕೈ ನಡುವೆ ಒಮ್ಮೆ ಬಲಕ್ಕೆ ಎಳೆಯಿತು. ಅವನು ಬಿಡಲಿಲ್ಲ.

“ಎಲ್ಲಿ ಅದ್ದಿದೆ?” ಅಂದರು ಸಾಹೇಬರು. “ಏನೂ ಇಲ್ಲ. ಇವಳನ್ನ ಹೆದರಿಸೋದಕ್ಕೆ ಒಂದು ಕತೆ.”

“ಕತೆಯಾ?” ಕಾವಣ್ಣನ ತಲೆ ಕಾಯಿತು. ಕಣ್ಣು ಕೈಯನ್ನು ಬಿಟ್ಟು ಸಾಹೇಬರ ಮೇಲೆ ಹೋಯಿತು. “ನಲವತ್ತೊಂದು ಗ್ರಾಂ. ಸಾಹೇಬ್ರೆ, ನಾನು ಕತೆ ಹೇಳೋನಾಗಿದ್ರೆ ನಿನ್ನೆ ನೀವು ಬೆನ್ನು ತಟ್ಟಿದಾಗಲೇ ಸುಮ್ಮನಿರ್ತಿದ್ದೆ. ಮೂವತ್ತೊಂಬತ್ತು. ಕೀಲಿ ಹೋಗುತ್ತೆ ಅಂತ ಗೊತ್ತಿದ್ದೂ ಬಂದು ಹೇಳ್ತಾ ಇದ್ದೀನಲ್ಲ, ನನಗೇನು ಹುಚ್ಚಾ? ನಲವತ್ತು.”

ಸಾಹೇಬರು ತಮ್ಮ ಚಹಾವನ್ನು ನೋಡುತ್ತಿದ್ದರು. ಅದರ ಮೇಲೆ ಹಳದಿ ತುಪ್ಪುಳದ ಒಂದು ಎಳೆ ತೇಲುತ್ತಿತ್ತು. ಕಾವಣ್ಣನ ಕೈಯಲ್ಲಿದ್ದ ಮರಿ ತಲೆ ಎತ್ತಿ, ಕೊಕ್ಕು ಚಪ್ಪರಿಸಿ, ಗುಟುಕರಿಸಿತು. ಪುಟ್ಟಿ ತಲೆ ತಗ್ಗಿಸಿ ನಲವತ್ತು ಎಂದು ಬರೆಯುತ್ತಿದ್ದಳು.

“ಬರೆದಾಯ್ತಾ?” ಅಂದರು ಸಾಹೇಬರು ಮೆಲ್ಲಗೆ. “ಇನ್ನೊಂದು ಸಾಲು ಸೇರಿಸಿ. ಮೂರು ಮರಿ ಚಹಾ ಕುಡಿದವು ಅಂತ.”

ಆಮೇಲೆ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಕಾವಣ್ಣ ಸುಧಾರಿಸಿಕೊಳ್ಳುತ್ತಿದ್ದ. ನಾಳೆ ಬರುವವರಿಗೆ ಬರಬೇಡಿ ಎಂದು ಹೇಳಿಸುತ್ತೇನೆ, ಪ್ರಯೋಗ ಮೊದಲಿನಿಂದ ಆಗಲಿ, ಬಂದು ನಿಜ ಹೇಳಿದ ಮನುಷ್ಯನ ಕೈಯಲ್ಲೇ ಕೀಲಿ ಇರಲಿ ಅಂದರು. ಒಂದೇ ಮಾತು, ನೀಲಿ ಮರಿಗಳು ಒಣ ಕೊಕ್ಕಿನಲ್ಲೇ ಕೆಳಗಿಳಿಯಬೇಕು, ಹಾಗೆಂದು ಒಂದು ಚೀಟಿ ಬರೆದುಕೊಡಬೇಕು.

ಪುಟ್ಟಿ ಪುಸ್ತಕದಿಂದ ಹಾಳೆ ಹರಿದು ಪೆನ್ನಿನೊಂದಿಗೆ ಮುಂದಿಟ್ಟಳು. “ಎರಡೇ ದಿನ ಭಾವ. ಬೇಕಿದ್ರೆ ಆ ಕೈಗೆ ನಾನೇ ಬಟ್ಟೆ ಸುತ್ತುತೀನಿ.”

ಕಾವಣ್ಣ ಪೆನ್ನು ಹಿಡಿಯಲಿಲ್ಲ. ಇನ್ನೊಂದು ನೀಲಿ ಮರಿ ಎತ್ತಿಕೊಂಡ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಮುದುಕ ಹೊಡೆಯುತ್ತಿದ್ದ ಜಾಗದಲ್ಲೇ, ಅದನ್ನು ಪೆಟ್ಟಿಗೆಯ ಮೇಲಕ್ಕೆ ತಂದ. ಬೆರಳು ಬಿಚ್ಚಬೇಕು, ಅಷ್ಟೆ. ಮರಿ ಅವನ ಹೆಬ್ಬೆರಳನ್ನು ಕುಕ್ಕಿತು. ಮತ್ತೆ ಕುಕ್ಕಿತು. ಬೆರಳು ಬಿಚ್ಚಲಿಲ್ಲ. ಅವನ ಹಣೆಯ ಮೇಲೆ ಬೆವರು ಮೂಡಿತು. ಎಂಬತ್ತು ಮರಿಯನ್ನು ಅರ್ಧ ಗಂಟೆಯಲ್ಲಿ ಇಳಿಸುವ ಕೈ ಒಂದು ಮರಿಯನ್ನು ಹಿಡಿದುಕೊಂಡು ಗಾಳಿಯಲ್ಲಿ ನಿಂತೇಬಿಟ್ಟಿತು.

ಕೊನೆಗೆ ಅವನು ಅದನ್ನು ಪುಟ್ಟಿಯ ಅಂಗೈಯಲ್ಲಿಟ್ಟ. ಅವಳ ಕೈ ಒಣಗಿತ್ತು. ಅವಳು ಮರಿಯನ್ನು ಪೆಟ್ಟಿಗೆಗೆ ಇಳಿಸಿದಳು. ಅದು ಚಿಂವ್ ಎಂದು ಉಳಿದವುಗಳ ನಡುವೆ ನುಗ್ಗಿತು.

“ನೋಡು, ನಿನಗೆ ಆಗುತ್ತೆ,” ಅಂದ ಕಾವಣ್ಣ. “ಮಾಡು. ಮಾಡಲೇಬೇಕು, ಇಲ್ಲದಿದ್ರೆ ಆ ಪೆಟ್ಟಿಗೆಯವರು ಮೂರ್ಮೂರು ದಿನ ಹಸಿವಲ್ಲೇ ಸಾಗಿಸ್ತಾರೆ. ಈ ಕೈ ಕೋಣೆಯೊಳಗಿದ್ರೆ ನಿನ್ನ ಜೀನ್ ಯಾವತ್ತೂ ಮಲಗಲ್ಲ.”

ಸೊಂಟದ ಕಪ್ಪು ದಾರ ಬಿಚ್ಚಿದ. ಕೀಲಿಯನ್ನು ಸಾಹೇಬರಿಗೆ ಕೊಡಲಿಲ್ಲ, ಪುಟ್ಟಿಯ ಪುಸ್ತಕದ ಮೇಲಿಟ್ಟ. ಉಗ್ರಾಣದವನಿಗೆ ಕೊಟ್ಟೀಯ ಜೋಕೆ ಎಂದು ಕಣ್ಣಲ್ಲೇ ಹೆದರಿಸಿದ. ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲ ಹತ್ತಿರ ಹೋದ.

“ಭಾವ,” ಪುಟ್ಟಿ ಎದ್ದು ನಿಂತಿದ್ದಳು. ಅವಳ ಕಣ್ಣಿನಲ್ಲಿ ನೀರಿತ್ತು, ಆದರೆ ಪೆನ್ನು ಆಗಲೇ ಬರೆಯಲು ಸಜ್ಜಾಗಿತ್ತು. “ಅಷ್ಟು ಸ್ವಲ್ಪಕ್ಕೇ ಜೀನ್ ಎದ್ದಿದೆ ಅಂದ್ರೆ ಅದೂ ಸಣ್ಣ ಮಾತಲ್ಲ. ಪೆಟ್ಟಿಗೆಗೆ ಮೇವು ಹಾಕೋಕಾಗದಿದ್ರೆ ಅಷ್ಟನ್ನಾದ್ರೂ ಕೊಡಿ ಅನ್ನಬಹುದು. ಫ್ಲಾಸ್ಕಿಗೆ ಎಷ್ಟು ಸಕ್ಕರೆ ಹಾಕ್ತಿದ್ರಿ, ಅದೊಂದು ಹೇಳಿ ಹೋಗಿ.”

“ಒಂದು ಹಿಡಿ.”

“ಹಿಡಿ ಅಂದ್ರೆ ಎಷ್ಟು ಗ್ರಾಂ?”

“ನನ್ನ ಹಿಡಿ.”

“ಹಾಗಾದ್ರೆ ಭಾನುವಾರ ಮನೆಗೆ ತಕ್ಕಡಿ ತರ್ತೀನಿ.”

“ತಾ. ಬರುವಾಗ ಒಂದು ಮರೀನೂ ತಾ.”

ಹೊರಗೆ ಮೊಟ್ಟೆ ತೊಳೆಯುವ ಹೆಂಗಸರು ದಾರಿ ಬಿಟ್ಟರು. ಅವರಲ್ಲೊಬ್ಬಳು ಏನಾಯ್ತು ಕಾವಣ್ಣ ಎಂದು ಕೇಳಿದ್ದಕ್ಕೆ, ಸಾಹೇಬರ ಚಹಾಕ್ಕೆ ಸಕ್ಕರೆ ಕಡಿಮೆ, ಸ್ವಲ್ಪ ಹೆಚ್ಚು ಹಾಕಿಕೊಡಿ ಅಂದ. ಮರಿಕೋಣೆಯ ಗಾಜಿನ ಕಿಟಕಿಯನ್ನು ದಾಟುವಾಗ ಒಳಗೆ ನೋಡಲಿಲ್ಲ. ಅವನ ಬಲಗೈ ಮಾತ್ರ ನಡೆಯುತ್ತ ನಡೆಯುತ್ತಲೇ ಪಕ್ಕದ ಗಾಳಿಗೆ ಒಮ್ಮೆ ಬಾಗಿ, ಎದ್ದು, ಮತ್ತೆ ಬಾಗಿತು. ಗೇಟಿನ ಕಾವಲುಗಾರ ತನಗೇ ಸಲಾಮು ಮಾಡುತ್ತಿದ್ದಾನೆಂದುಕೊಂಡು ತಾನೂ ಕೈ ಎತ್ತಿದ. ಕಾವಣ್ಣ ಗೇಟು ದಾಟಿದ. ಆ ಗೇಟಿನೊಳಕ್ಕೆ ಅವನು ಮತ್ತೆ ಕಾಲಿಡಲಿಲ್ಲ.